ಕೊಟ್ಟ ಮೇಲೆ ಕೇಳಬಾರದು

ಸತ್ತವರ ಬಗ್ಗೆ ಮಾತಾಡುವುದು ಸುಲಭ, ಎದುರು ಹೇಳಲು ಅವರಿರುವುದಿಲ್ಲ ಎನ್ನುತ್ತಾರೆ. ನಮ್ಮ ತಾತ ಇದ್ದಾಗಲೂ ಎದುರು ಹೇಳಿದವರಲ್ಲ, ಹಾಗಾಗಿ ನನ್ನ ಕೆಲಸ ಇನ್ನೂ ಸಲೀಸು. ತಿಪಟೂರಿನಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಈ ಮಹಾನುಭಾವರು ಜೀವಮಾನದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೂ ನಮ್ಮ ಅಜ್ಜಿ ಬೆಳಗಿನ ಕಾಫಿ ಕಾಸುವಾಗ ಆಡುವಷ್ಟಕ್ಕೆ ಸಾಲದು. ಅವರು ತೀರಿಕೊಂಡ ದಿನ ಬಂದ ನೆಂಟರಿಗೆಲ್ಲ ಅದೇ ಪೇಚಾಯಿತು. ಸಾವಿನ ಮನೆಗೆ ಬಂದವರು “ಮೊನ್ನೆ ತಾನೆ ನನ್ನ ಹತ್ರ ಹೀಗಂದಿದ್ರು” ಎಂದು ಕಣ್ಣೊರೆಸಿಕೊಳ್ಳುವುದು ಪದ್ಧತಿ. ಏನಂದಿದ್ದರು ಎಂದು ಎಷ್ಟು ತಿಣುಕಿದರೂ ಯಾರಿಗೂ ಹೊಳೆಯಲಿಲ್ಲ. ಅಂದಿದ್ದರೆ ತಾನೆ?

ಅಂದದ್ದೆಲ್ಲ “ಹೂಂ”. ಆದರೆ ಆ ಹೂಂ ಒಂದೇ ಥರದ್ದಲ್ಲ. ಗಿಡ್ಡ ಹೂಂ ಎಂದರೆ ಕೇಳಿಸಿತು ಎಂದರ್ಥ. ಉದ್ದ ಹೂಂ ಎಂದರೆ ಕೇಳಿಸಿತು, ಆದರೆ ಮಾಡುವುದಿಲ್ಲ ಎಂದರ್ಥ. ಮೂಗಿನಲ್ಲೇ ಮುಗಿದುಹೋದರೆ ಊಟಕ್ಕೆ ಉಪ್ಪು ಜಾಸ್ತಿ. ಇವನ್ನೆಲ್ಲ ಅರ್ಥ ಮಾಡಿಕೊಳ್ಳಬಲ್ಲವರು ಊರಲ್ಲಿ ಅಜ್ಜಿ ಒಬ್ಬರೇ. “ಏನೂಂದ್ರೆ, ಮದುವೆ ಮನೇಲಿ ಮಂತ್ರಕ್ಕೂ ಹೂಂ ಅಂದವರು ನೀವು” ಎಂದು ಅವರು ಎಲ್ಲರ ಮುಂದೆ ಹಂಗಿಸುತ್ತಿದ್ದರು. ತಾತ ಅದಕ್ಕೂ ಹೂಂ ಅನ್ನುತ್ತಿದ್ದರು. ಗಿಡ್ಡದ್ದು.

ಅಂಗಡಿ ಎಂದರೆ ಏನೋ ಎಂದುಕೊಳ್ಳಬೇಡಿ. ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಗೋಡೆಯ ತುಂಬ ಒಂದೊಂದೂ ಬೇರೆ ಬೇರೆ ಟೈಮು ತೋರಿಸುವ ಗಡಿಯಾರ. ಸರಿ ಟೈಮು ಬೇಕಾದವರು ರೈಲ್ವೆ ಸ್ಟೇಷನ್ ಕಡೆಗೆ ಹೋಗಬೇಕಿತ್ತು. ಫ್ಯಾನ್ ಇತ್ತು, ಹಾಕುವಂತಿರಲಿಲ್ಲ. ಹಾಕಿದರೆ ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಹಾರಿ ಪಕ್ಕದ ದರ್ಜಿಯ ಬಟ್ಟೆ ಚೂರಿನ ರಾಶಿಗೆ ಬೀಳುತ್ತಿದ್ದವು. ಏಪ್ರಿಲ್ ಬಿಸಿಲಲ್ಲಿ ಬೆವರುತ್ತ ನಿಂತ ಗಿರಾಕಿ ತಲೆಯೆತ್ತಿ ಫ್ಯಾನನ್ನೇ ದಿಟ್ಟಿಸುತ್ತಿದ್ದ, ತಾತ ತಲೆ ತಗ್ಗಿಸಿ ವಾಚನ್ನೇ ದಿಟ್ಟಿಸುತ್ತಿದ್ದರು. ಇಬ್ಬರದೂ ಏಕಾಗ್ರತೆಯೇ.

ನಮ್ಮ ಮನೆಯ ಮುದ್ದೆ ಸಾರು ಎಚ್‌ಎಂಟಿಯ ಋಣ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಅದರ ವಾಚ್ ಕಾರ್ಖಾನೆ ಶುರುವಾಯಿತು, 1978ರಲ್ಲಿ ನಮ್ಮ ತುಮಕೂರಿಗೂ ಒಂದು ಬಂತು. ಎಚ್‌ಎಂಟಿಗೂ ಮುಂಚೆ ವಾಚು ಎಂದರೆ ಸಾಹುಕಾರರ ಮಣಿಕಟ್ಟಿನ ಸ್ವಿಸ್ ಮಾಲು. ಎಚ್‌ಎಂಟಿಯ ಜನತಾ ವಾಚು ಬಂದದ್ದೇ ಬಂದದ್ದು, ಮೇಷ್ಟ್ರು, ಬಸ್ ಕಂಡಕ್ಟರು, ಕೊಬ್ಬರಿ ದಲ್ಲಾಳಿ ಎಲ್ಲರೂ ತೋಳು ಮಡಿಸಿ ಓಡಾಡತೊಡಗಿದರು. ಕೊಬ್ಬರಿ ಹರಾಜಿನ ದಿನ ತಾತನಿಗೆ ಉಸಿರಾಡಲು ಪುರುಸೊತ್ತಿಲ್ಲ. ಬೆಲೆ ಏರಿದರೆ ಜನ ಹೊಸ ವಾಚಿನ ಯೋಚನೆ ಮಾಡುತ್ತಿದ್ದರು, ಇಳಿದರೆ ಹಳೆಯದನ್ನು ರಿಪೇರಿಗೆ ತರುತ್ತಿದ್ದರು. ಇಡೀ ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಬಿದ್ದಾಗ ಬರಕತ್ತಾಗುತ್ತಿದ್ದ ಏಕೈಕ ಅಂಗಡಿ ನಮ್ಮದೇ ಇರಬೇಕು.

ಆ ವಾಚುಗಳ ಮುಖದ ಮೇಲೆ “17 ಜ್ಯುವೆಲ್ಸ್” ಎಂದು ಬರೆದಿರುತ್ತಿತ್ತು. ಎಲ್ಲ ಅನುಮಾನಕ್ಕೂ ಮೂಲ ಅದೇ. ರಿಪೇರಿಯವನು ಒಳಗಿನ ಕಲ್ಲು ಕದಿಯುತ್ತಾನೆ ಎಂಬುದು ಅಂದಿನ ಜಗದ್ವಿಖ್ಯಾತ ಸತ್ಯ. ಅವು ಕಾರ್ಖಾನೆಯಲ್ಲೇ ತಯಾರಾದ ಕೆಂಪು ಕಲ್ಲು. ಚಕ್ರದ ಮೊನೆಗಳು ಸವೆಯದೆ ತಿರುಗಲಿ ಎಂದು ಕೂರಿಸಿರುತ್ತಾರೆಯೇ ಹೊರತು ಅದರಿಂದ ಮೂಗುತಿ ಮಾಡಿಸಲಾಗದು. ಬೇರೆಯವರಾಗಿದ್ದರೆ ಹೀಗೆಂದು ಗಿರಾಕಿಯೊಂದಿಗೆ ವಾದಕ್ಕೆ ಬೀಳುತ್ತಿದ್ದರು. ತಾತ ತಮ್ಮ ಕಣ್ಣಿನ ಭೂತಗನ್ನಡಿ ತೆಗೆದು ಅವನ ಕಣ್ಣಿಗೆ ಸಿಕ್ಕಿಸಿ, ಚಿಮಟದಿಂದ ಒಂದೊಂದನ್ನೇ ಮುಟ್ಟಿ ತೋರಿಸಿ ಲೆಕ್ಕ ಮಾಡಿಸುತ್ತಿದ್ದರು. ಹಿಂಬದಿಯಿಂದ ನೋಡಿದರೆ ಲೆಕ್ಕ 17 ಮುಟ್ಟುವುದಿಲ್ಲ, ಉಳಿದವು ಡಯಲ್ ಕಡೆ ಅಡಗಿರುತ್ತವೆ. ಗಿರಾಕಿಯ ಮುಖದಲ್ಲಿ “ಸಿಕ್ಕಿಬಿದ್ದೆ ಮಗನೆ” ಎಂಬ ಕಳೆ ಮೂಡುವವರೆಗೂ ತಾತ ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಮಗುಚಿ ಹಾಕುತ್ತಿದ್ದರು. ನಮ್ಮ ತಾತ ತಮಾಷೆ ಮಾಡುತ್ತಿರಲಿಲ್ಲ ಎಂದವರು ಯಾರು?

ಮಕ್ಕಳ ಮೇಲಿನ ಮಮತೆಯನ್ನೂ ಅವರು ಇದೇ ಕಳ್ಳದಾರಿಯಲ್ಲಿ ಸಾಗಿಸುತ್ತಿದ್ದರು. ಆಗಿನ ಮದುವೆಗಳಲ್ಲಿ ಅಳಿಯನಿಗೆ ವಾಚು ಕೊಡುವುದು ಖಾಯಂ. ತಾತ ಅಳಿಯನಿಗೂ ಕೊಟ್ಟರು, ಆದರೆ ಅದಕ್ಕೆ ಮುಂಚೆ ಮಗಳಿಗೆ ಕೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ, ನಮ್ಮ ಅತ್ತೆಯ ವಾಚಿನ ವಿಚಿತ್ರ ಕಾಯಿಲೆ. ಅರಸೀಕೆರೆಯಲ್ಲಿ ಗಂಡನ ಮನೆ, ಅವಿಭಕ್ತ ಕುಟುಂಬ, ತವರಿಗೆ ಹೋಗುತ್ತೇನೆ ಎಂದರೆ ಅತ್ತೆಯಮ್ಮ ಬಿಡಬೇಕಲ್ಲ! “ವಾಚು ನಿಧಾನ ಓಡ್ತಿದೆ, ಅಣ್ಣಂಗೆ ತೋರಿಸ್ಕೊಂಡು ಬರ್ತೀನಿ” ಎಂದರೆ ಯಾರೂ ಬೇಡ ಅನ್ನುವಂತಿಲ್ಲ. ಅಪ್ಪ, ಅತ್ತೆ ಇಬ್ಬರೂ ತಾತನನ್ನು ಕರೆಯುತ್ತಿದ್ದದ್ದು ಅಣ್ಣ ಎಂದೇ. ಅತ್ತೆ ಬಸ್ಸಿಳಿದು ನೇರ ಅಂಗಡಿಗೆ ಬಂದು ಕೈ ನೀಡುತ್ತಿದ್ದರು. ತಾತ ವಾಚು ಬಿಚ್ಚಿ, ಕಿವಿಗಿಟ್ಟು, ಹಿಂಬದಿ ತೆಗೆದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡುತ್ತಿದ್ದರು. ಅದಕ್ಕೆ ಏನೂ ಆಗಿಲ್ಲ ಎಂದು ಇಬ್ಬರಿಗೂ ಗೊತ್ತು. ಆಮೇಲೆ ಅಪರೂಪದ ಪೂರ್ಣ ವಾಕ್ಯವೊಂದು ಹೊರಡುತ್ತಿತ್ತು: “ಎಂಟು ದಿನ ಇಟ್ಟು ನೋಡ್ಬೇಕು.”

ಎಂಟನೆಯ ದಿನ ಮಾವ ಕರೆದೊಯ್ಯಲು ಬಂದರೆ ತಾತನ ಬಳಿ ಶಾಸ್ತ್ರ ಸಿದ್ಧವಿರುತ್ತಿತ್ತು. “ಮಲಗ್ಸಿ ನೋಡಿದ್ದಾಯ್ತು ಅಳಿಯಂದ್ರೇ. ಮಗುಚಿ ನೋಡಿದ್ದಾಯ್ತು. ಇನ್ನು ನಿಲ್ಸಿ ನೋಡ್ಬೇಕು.” ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಕೀ ಕೊಡುವ ವಾಚು ಅಂಗಾತ ಇಟ್ಟಾಗ, ಬೋರಲು ಇಟ್ಟಾಗ, ತೂಗು ಹಾಕಿದಾಗ ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ಒಳ್ಳೆಯ ರಿಪೇರಿಯವನು ಒಂದೊಂದು ಭಂಗಿಯಲ್ಲೂ ಇಟ್ಟು, ದಿನಕ್ಕೆಷ್ಟು ಸೆಕೆಂಡು ಹಿಂದೆ ಮುಂದೆ ಎಂದು ನೋಡಿಯೇ ತಿದ್ದಬೇಕು. ತಾತ ಸುಳ್ಳು ಹೇಳುವವರಲ್ಲ, ಆದರೆ ಸತ್ಯವನ್ನು ಬೇಕಾದಷ್ಟು ನಿಧಾನವಾಗಿ ಓಡಿಸಬಲ್ಲವರು. ಮಾವ ಪಾಪ, ಇನ್ನೊಂದು ಎರಡು ದಿನ ಉಳಿದು, ಅಜ್ಜಿ ಮಾಡಿದ ಹೋಳಿಗೆ ತಿಂದು, ವಾಚಿನ ತಾಂತ್ರಿಕ ತೊಂದರೆಗಳ ಬಗ್ಗೆ ಅಪಾರ ಗೌರವ ಇಟ್ಟುಕೊಂಡು ವಾಪಸು ಹೋಗುತ್ತಿದ್ದರು. ಅವರು ತೀರಾ ದಡ್ಡರಲ್ಲ ಎಂದು ನನಗೀಗ ಅನ್ನಿಸುತ್ತದೆ. ಹೋಳಿಗೆ ಚೆನ್ನಾಗಿತ್ತು.

ಮೊಮ್ಮಕ್ಕಳಾದ ನಮಗೂ ಮುದ್ದಿನ ಮಾತು ಸಿಕ್ಕಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ವಾಚು ಮಾಯವಾಗುತ್ತಿತ್ತು. ಬೆಳಗ್ಗೆ ಪೆನ್ನಿನ ಪಕ್ಕದಲ್ಲಿ ಕೂತಿರುತ್ತಿತ್ತು, ಒಳಗೆಲ್ಲ ತೊಳೆದು, ಮುಳ್ಳುಮೊನೆಯಷ್ಟೇ ಎಣ್ಣೆ ಮುಟ್ಟಿಸಿ, ಗೀಚು ಗೀಚಾಗಿದ್ದ ಗಾಜನ್ನು ಹೊಸದರಂತೆ ಹೊಳೆಸಿ. ಹೊಳಪಿನ ಗುಟ್ಟು ಬಚ್ಚಲಲ್ಲಿ ಬಯಲಾಗುತ್ತಿತ್ತು. ಆ ಗಾಜು ಗಾಜಲ್ಲ, ಪ್ಲಾಸ್ಟಿಕ್ಕು. ಹಲ್ಲಿನ ಪೇಸ್ಟ್ ಹಾಕಿ ಉಜ್ಜಿದರೆ ಗೀಚು ಹೋಗುತ್ತದೆ. “ಮೊಮ್ಮಗನ ಹಲ್ಲಿಗಿಲ್ಲದ ಪೇಸ್ಟು ಅವನ ವಾಚಿಗೆ” ಎಂದು ಖಾಲಿ ಟ್ಯೂಬು ಹಿಂಡುತ್ತ ಅಜ್ಜಿ ಕೂಗಾಡುತ್ತಿದ್ದರು. ನಾನು ಉಪ್ಪಿನಲ್ಲಿ ಹಲ್ಲುಜ್ಜಿಕೊಂಡು ಗಣಿತದ ಪರೀಕ್ಷೆ ಬರೆದೆ. ಟೈಮು ಮಾತ್ರ ಅಚ್ಚುಕಟ್ಟಾಗಿ ಗೊತ್ತಾಗುತ್ತಿತ್ತು, ಉತ್ತರ ಗೊತ್ತಾಗದಿದ್ದಾಗ ಅದೊಂದು ಹಿಂಸೆ.

ಇನ್ನು ತಾತನ ಭಕ್ತಿ. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟುಕೊಂಡು, ದೃಷ್ಟಿ ನೆಟ್ಟು ಕೂತರೆ ಮುಗಿಯಿತು. ಗಂಟೆಯಿಲ್ಲ, ಮಂತ್ರ ಕೇಳಿಸದು. ಮನೆ ತುಂಬ ಗಡಿಯಾರವಿದ್ದರೂ ಪೂಜೆಯ ಕೋಣೆಯಲ್ಲಿ ಒಂದೂ ಇರಲಿಲ್ಲ, ಕೈಯ ವಾಚನ್ನೂ ಬಿಚ್ಚಿ ಹೊರಗಿನ ಗೂಡಿನಲ್ಲಿಡುತ್ತಿದ್ದರು. ಹತ್ತು ಗಂಟೆಗೆ ಅಂಗಡಿಯಲ್ಲಿ ಕೂತರೆ ಅದೇ ಬಾಗಿದ ಬೆನ್ನು, ಅಂಗೈಯಲ್ಲಿ ಅದೇ ನೆಟ್ಟ ನೋಟ. ಎರಡರಲ್ಲಿ ಪೂಜೆ ಯಾವುದು ಎಂದು ತಿಳಿಯಲು ಕಣ್ಣಿನಲ್ಲಿ ಭೂತಗನ್ನಡಿ ಇದೆಯೋ ಇಲ್ಲವೋ ನೋಡಬೇಕಿತ್ತು. ಕಾಯಕದ ಬಗ್ಗೆ ಭಾಷಣ ಮಾಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಹಲವರ ವಾಚು ರಿಪೇರಿ ಮಾಡಿದವರು ತಾತ.

ಅಜ್ಜಿಯ ದೇವರು ಬೇರೆ ಥರ. ಎಡೆಯೂರು ಸಿದ್ಧಲಿಂಗೇಶ್ವರನಿಂದ ಹಿಡಿದು ಊರ ಕೆಂಪಮ್ಮನವರೆಗೆ ಎಲ್ಲರ ಹತ್ತಿರವೂ ಅವರ ಅರ್ಜಿ ಹೋಗಿರುತ್ತಿತ್ತು. ಮಗನಿಗೆ ಬ್ಯಾಂಕ್ ಕೆಲಸ, ಮಗಳಿಗೆ ಮಗು, ಹಸುವಿಗೆ ಹೆಣ್ಣುಗರು. ಅರ್ಜಿ ಹಾಕಿ ಸುಮ್ಮನಾಗದೆ, ಸೋಮವಾರಕ್ಕೊಮ್ಮೆ ನೆನಪಿಸುವುದು ಬೇರೆ. “ನೀವೂ ಒಂದು ಮಾತು ಕೇಳ್ಕೊಳ್ಳಿ ಅಂದ್ರೆ. ಅಷ್ಟೊತ್ತು ಕೂರ್ತೀರಲ್ಲ, ಏನು ಮಾಡ್ತೀರಿ ಅಲ್ಲಿ?” ಎಂದು ಒಮ್ಮೆ ಗಂಟುಬಿದ್ದರು. ಆ ದಿನ ತಾತ ಕೊಟ್ಟ ಉತ್ತರವೇ ಅವರ ಸಮಗ್ರ ಪ್ರವಚನ. “ರಿಪೇರಿಗೆ ಕೊಟ್ಟೋನು ದಿನಾ ಬಂದು ‘ಆಯ್ತಾ ಯಜಮಾನ್ರೇ, ಆಯ್ತಾ ಯಜಮಾನ್ರೇ’ ಅಂದ್ರೆ ಕೈ ನಡುಗುತ್ತೆ ಕಣೆ. ಕೊಟ್ಟ ಮೇಲೆ ಕೇಳಬಾರದು.”

ಅಜ್ಜಿ ಒಂದು ನಿಮಿಷ ಸುಮ್ಮನಾದರು. ನಮ್ಮ ಮನೆಯ ಇತಿಹಾಸದಲ್ಲಿ ಅದೂ ಒಂದು ದಾಖಲೆ.

ಎಂಬತ್ತರ ದಶಕದ ಕೊನೆಗೆ ಬ್ಯಾಟರಿ ವಾಚುಗಳ ಕಾಲ ಬಂತು. ಹೊಸೂರಿನಿಂದ ಟೈಟಾನ್ ಬಂತು, ಎಚ್‌ಎಂಟಿಯವರೂ ಕ್ವಾರ್ಟ್ಜ್ ಮಾಡಿದರು. ಜನತಾ ವಾಚಿನ ಎದೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ಬ್ಯಾಟರಿ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎಂಜಿನಿಯರಿಂಗ್ ಓದುತ್ತಿದ್ದ ಚಿಕ್ಕಪ್ಪ ಇದನ್ನು ತಾತನಿಗೆ ಉತ್ಸಾಹದಿಂದ ವಿವರಿಸಿದರು. ತಾತ ಪೂರ್ತಿ ಕೇಳಿ, “ಅಷ್ಟೊಂದು ಅವಸರ ಯಾಕಂತೆ ಅದಕ್ಕೆ?” ಎಂದರು. ದಂಧೆ ಕುಸಿಯುತ್ತಿದೆ ಎಂದು ಮನೆಮಂದಿಯೆಲ್ಲ ತಲೆಯ ಮೇಲೆ ಕೈಹೊತ್ತರೆ, ಅವರು ಸೆಲ್ ಬದಲಾಯಿಸುತ್ತ, ಬೆಲ್ಟು ಹೊಲಿಯುತ್ತ ಕೂತರು. ದೇವರ ಹತ್ತಿರ ಆಗಲೂ ಕೇಳಲಿಲ್ಲ. ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿದಾಗ ಅವರಿರಲಿಲ್ಲ. ಇದ್ದಿದ್ದರೆ ಒಂದು ಹೂಂ. ಉದ್ದದ್ದು.

ಅವರು ಹೋದ ಮೇಲೆ ಅಂಗಡಿಯ ಡ್ರಾಯರ್ ತೆರೆದರೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಮಾಡಿದ ಲಕೋಟೆಗಳ ಸಾಲು. ಒಂದೊಂದರಲ್ಲೂ ರಿಪೇರಿಯಾಗಿ ಮುಗಿದ, ಯಜಮಾನರು ವಾಪಸು ಒಯ್ಯದ ವಾಚು. ಹಿಂದಿರುಗಿಸೋಣ ಎಂದು ಹೊರಟ ಅಪ್ಪನಿಗೆ ಬೆವರಿಳಿಯಿತು. ತಾತ ಮಾತಾಡುವವರಲ್ಲವಲ್ಲ, ಗಿರಾಕಿಯ ಹೆಸರೇ ಕೇಳುತ್ತಿರಲಿಲ್ಲ! ಲಕೋಟೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಚಹರೆ ಮಾತ್ರ ಬರೆದಿಟ್ಟಿದ್ದರು: “ಕೆಂಪು ಟವೆಲ್, ಎಮ್ಮೆ ವಿಷಯ ಹೇಳಿದರು.” “ಮೇಷ್ಟ್ರು, ಗುಂಗುರು ಕೂದಲು, ಕೊಡೆ ಮರೆತರು.” “ಮಗಳ ಮದುವೆ ಅಂತೆ, ದುಡ್ಡು ಬೇಡ.” ಅಪ್ಪ ಎಮ್ಮೆಯ ಜಾಡು ಹಿಡಿದು ಊರೂರು ಅಲೆದು ಕೆಲವನ್ನು ತಲುಪಿಸಿದರು. ಕೊಡೆಯನ್ನೂ ತಲುಪಿಸಿದರು. ಗುಂಗುರು ಕೂದಲು ಹೋಗಿ ಬೋಳಾಗಿದ್ದರಿಂದ ಮೇಷ್ಟ್ರನ್ನು ಹುಡುಕುವುದು ತಡವಾಯಿತಂತೆ. ಉಳಿದವರ ಸುಳಿವಿಲ್ಲ. ಯೋಚಿಸಿ ನೋಡಿದರೆ ತಾತನ ಲೆಕ್ಕದಲ್ಲಿ ನಿಜವಾದ ಭಕ್ತರು ಇವರೇ: ಕೊಟ್ಟರು, ಮತ್ತೆ ಬಂದು ಕೇಳಲಿಲ್ಲ.

ಆದರೆ ಡ್ರಾಯರಿನಲ್ಲಿ ಜಾಗ ಬೇಕು. ಆದ್ದರಿಂದ ಓದುಗರಲ್ಲಿ ಅರಿಕೆ: ನಿಮ್ಮ ಮನೆಯ ಹಿರಿಯರೊಬ್ಬರು ತಿಪಟೂರಿನಲ್ಲಿ ವಾಚು ಬಿಟ್ಟು ಮರೆತದ್ದುಂಟೆ? “ಬಿಳಿ ಮೀಸೆ, ಸಂಕೋಚದವರು, ಬಾಕಿ 6 ರೂ.” ಎಂಬುದು ನಿಮ್ಮ ಅಜ್ಜನೇ ಇರಬಹುದೆ? ಬಂದು ಕೇಳಿ, ಅಡ್ಡಿಯಿಲ್ಲ. ಕೇಳಬಾರದು ಎಂಬ ನಿಯಮ ತಾತನದು, ಈಗ ಬೀಗದ ಕೈ ಅಪ್ಪನ ಹತ್ತಿರ ಇದೆ. ಆ 6 ರೂಪಾಯಿಗೆ ಮಾತ್ರ ಚೌಕಾಸಿ ಮಾಡಬೇಡಿ. ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ, ಅಂಗಡಿಯ ಬಾಗಿಲಲ್ಲೇ ಕೂರುತ್ತಾರೆ.