ಇಕ್ಕೇರಿಯ ಮೂರು ಸುತ್ತಿನ ಕೋಟೆಯೂ ಮಾಣಿಯ ಗೇಮ್ ಡಬ್ಬಿಯೂ

ಕೆಳದಿ ಅರಸರು ರಾಜಧಾನಿಯನ್ನು ಇಕ್ಕೇರಿಗೆ ತಂದದ್ದೇಕೆ, 1639ರಲ್ಲಿ ಅಲ್ಲಿಂದ ಬಿದನೂರಿಗೆ ಒಯ್ದದ್ದೇಕೆ ಎಂದು ವಿದ್ವಾಂಸರು ಬೇಕಾದಷ್ಟು ಮಸಿ ಖರ್ಚು ಮಾಡಿದ್ದಾರೆ. ಮನೆಯ ವೈಫೈ ಭದ್ರತೆಗೆ ಇಕ್ಕೇರಿ ಕೋಟೆಯೇ ಮೂಲ ನಕ್ಷೆ ಎಂಬ ಮುಖ್ಯ ಸಂಗತಿ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ. ಇಂದು ಅಘೋರೇಶ್ವರ ದೇವಸ್ಥಾನದ ಎದುರು ನಿಂತರೆ ಆ ಕೋಟೆಯೂ ಕಾಣದು, ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ಲೂ ಕಾಣದು. ಎರಡೂ ಒಂದೇ ಜಾಗದಲ್ಲಿ ಇಲ್ಲದಿರುವುದು ನಮ್ಮ ವಾದಕ್ಕೆ ಸಿಕ್ಕಿದ ಮೊದಲ ಪುರಾವೆ.

ಕೆಳದಿ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ (1709) ಅಡುಗೆಯನ್ನೂ ಬಿಡದೆ ಹೇಳುವ ವಿಶ್ವಕೋಶ. ಅದರಲ್ಲಿ ರೂಟರಿನ ಪ್ರಸ್ತಾಪವಿಲ್ಲ. ಅದಿದ್ದ ತಾಳೆಗರಿಯನ್ನು ಗೆದ್ದಲು ತಿಂದಿರಬೇಕೆಂದು ಊಹಿಸಿ ಮುಂದುವರಿಯುತ್ತೇವೆ. ಸಂಶೋಧನೆಯಲ್ಲಿ ಇದಕ್ಕೆ ಅವಕಾಶವುಂಟು.

ಇಕ್ಕೇರಿಗೆ ಒಂದರೊಳಗೊಂದು ಮೂರು ಸುತ್ತಿನ ಗೋಡೆಯಿತ್ತೆಂದು ಹಳೆಯ ಗ್ಯಾಜೆಟಿಯರ್ ಹೇಳುತ್ತದೆ. ಹೊರಸುತ್ತು ರೂಟರಿನ ಅಡ್ಮಿನ್ ಪಾಸ್‌ವರ್ಡ್. ಇದು ಡಬ್ಬಿಯ ಅಡಿಯ ಚೀಟಿಯಲ್ಲಿ ಅಚ್ಚಾಗಿಯೇ ಬರುತ್ತದೆ, ಬಹುಪಾಲು ಮನೆಗಳಲ್ಲಿ ಕೊನೆಯವರೆಗೂ ಅದೇ ಇರುತ್ತದೆ. ಎರಡನೆಯ ಸುತ್ತು ವೈಫೈ ಪಾಸ್‌ವರ್ಡ್: ಮನೆದೇವರ ಹೆಸರು, ಅದರ ಮುಂದೆ 123. ಮೂರನೆಯದು ಗೇಮ್ ಡಬ್ಬಿಯೊಳಗಿನ ಪೇರೆಂಟಲ್ ಕಂಟ್ರೋಲ್. ಕೆಳದಿಯ ಶಿವಪ್ಪನಾಯಕ ಭೂಮಿ ಅಳೆಸಿ ‘ಶಿಸ್ತು’ ಎಂಬ ಕಂದಾಯ ನಿಗದಿ ಮಾಡಿದ ಹಾಗೆ, ದಿನಕ್ಕೆ ಇಷ್ಟೇ ಹೊತ್ತು ಆಟ, ಪಿನ್ ಇಲ್ಲದೆ ಖರೀದಿ ಇಲ್ಲ, ಅಪರಿಚಿತರ ಜೊತೆ ಚಾಟ್ ಇಲ್ಲ ಎಂದು ಅಪ್ಪಯ್ಯ ಇಲ್ಲಿ ಶಾಸನ ಹೊರಡಿಸಬಹುದು.

ಇಲ್ಲಿ ಪೂರ್ವಪಕ್ಷ: ಮಕ್ಕಳ ಆಟಿಕೆ ತಾನೇ, ಅದರಿಂದ ಮನೆಗೇನು ಕೇಡು?

ಉತ್ತರಪಕ್ಷಕ್ಕೆ ನಿಂಟೆಂಡೊ ಡಿಎಸ್ ಸಾಕ್ಷಿ. 2004ರಲ್ಲಿ ಬಂದ ಈ ಪುಟ್ಟ ಯಂತ್ರಕ್ಕೆ ಗೊತ್ತಿದ್ದ ವೈಫೈ ಬೀಗ ‘ವೆಪ್’ ಒಂದೇ. ಆ ಬೀಗ ಮುರುಕು ಎಂಬುದು 2001ರಲ್ಲೇ ಬಯಲಾಗಿತ್ತು; ಅದನ್ನು ಒಡೆಯಲು ಬರಬರುತ್ತಾ ಕೆಲವೇ ನಿಮಿಷ ಸಾಕಾಯಿತು. ಡಿಎಸ್ ಬಂದ ವರ್ಷವೇ ‘ಡಬ್ಲ್ಯುಪಿಎ2’ ಎಂಬ ಗಟ್ಟಿ ಬೀಗವೂ ಬಂತು, ಆದರೆ ಅದು ಡಿಎಸ್‌ಗೆ ಅರ್ಥವಾಗದು. ಮಗು ರೇಸ್ ಆಡಲೆಂದು ತಂದೆತಾಯಿ ಮಾಡಿದ್ದೇನು? ಇಡೀ ಮನೆಯ ರೂಟರನ್ನೇ ವೆಪ್‌ಗೆ ಇಳಿಸಿದರು. ಅಪ್ಪನ ಬ್ಯಾಂಕ್ ವ್ಯವಹಾರ, ಅಕ್ಕನ ಪ್ರಾಜೆಕ್ಟು, ಅಜ್ಜನ ಅಡಿಕೆ ಧಾರಣೆ, ಎಲ್ಲವೂ ಆಟಿಕೆಯ ಮಟ್ಟದ ಬೀಗದ ಹಿಂದೆ ಕೂತವು. ಡಿಎಸ್‌ನ ಆನ್‌ಲೈನ್ ಸೇವೆ 2014ರ ಮೇ ತಿಂಗಳಲ್ಲಿ ನಿಂತೇಹೋಯಿತು. ಬೆಂಗಳೂರಿನ ಅತ್ತೆಯ ಮಗ ಆಡಿ ಬಿಟ್ಟ ಡಬ್ಬಿ ರಜೆಯಲ್ಲಿ ಸಾಗರದ ಬಸ್ಸು ಹತ್ತಿ ಬರುವುದು ನಿಂತಿಲ್ಲ. ಅಂಥದ್ದಕ್ಕೆ ವೈಫೈಯೇ ಬೇಡ. ಹಳೆಯ ಆಟ ನೆಟ್ ಇಲ್ಲದೆಯೂ ಓಡುತ್ತದೆ. ಹೊಸ ಡಬ್ಬಿಯಾದರೆ ಡಬ್ಲ್ಯುಪಿಎ2 ಅಥವಾ 2018ರ ಡಬ್ಲ್ಯುಪಿಎ3 ಹಾಕಿ, ರೂಟರಿನ ಗೆಸ್ಟ್ ನೆಟ್‌ವರ್ಕಿನಲ್ಲಿ ಬೇರೆಯಾಗಿ ಕೂರಿಸುವುದು. ನೆಂಟರಿಗೆ ಜಗಲಿ ಬಿಟ್ಟುಕೊಟ್ಟು ನಡುಮನೆ ಬಾಗಿಲು ಹಾಕಿಕೊಂಡರೆ ಮಲೆನಾಡಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಗುಟ್ಟಿನ ದಾರಿಯ ವಿಚಾರ. 1763ರಲ್ಲಿ ಹೈದರಾಲಿಗೆ ಬಿದನೂರು ದಕ್ಕಿದ್ದು ಗೋಡೆ ಒಡೆದದ್ದರಿಂದಲ್ಲ. ಅಲ್ಲಿನ ಹಿಂದಿನ ಮಂತ್ರಿಯೇ ಒಳದಾರಿ ತೋರಿಸಿದನಂತೆ. ರೂಟರಿನಲ್ಲಿ ಆ ಮಂತ್ರಿಯ ಹೆಸರು ‘ಡಬ್ಲ್ಯುಪಿಎಸ್’. ಪಾಸ್‌ವರ್ಡ್ ಬೇಡ, ಎಂಟಂಕಿಯ ಪಿನ್ ಸಾಕು ಎನ್ನುತ್ತಾನೆ. ರೂಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ಲೆಕ್ಕ ತಾಳೆಗೆ. ಹೀಗಾಗಿ ಹತ್ತು ಕೋಟಿ ಸಲ ಊಹಿಸಬೇಕಾದಲ್ಲಿ ಹೆಚ್ಚೆಂದರೆ 11,000 ಸಲ ಊಹಿಸಿದರೆ ಕೋಟೆ ಕೈವಶ. ಇದು 2011ರಲ್ಲಿ ಬಯಲಾಯಿತು. ಡಬ್ಲ್ಯುಪಿಎಸ್ ಆಫ್ ಮಾಡತಕ್ಕದ್ದು. ಮಂತ್ರಿಯನ್ನು ಕೆಲಸದಿಂದ ತೆಗೆಯುವುದಕ್ಕಿಂತ ಇದು ಸುಲಭ.

ಇನ್ನು ಈ ಪ್ರಬಂಧದ ಮುಕುಟಮಣಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಘಟ್ಟ ಹತ್ತಿ ಇಕ್ಕೇರಿಗೆ ಬರುವಾಗ, ದಾರಿಯ ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರನ್ನು ಕಂಡ. ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಲ್ಲಿ ಲೆಕ್ಕ ಬರೆಯುತ್ತಿದ್ದರು. ಮೇಷ್ಟರಿಲ್ಲ. ಮರೆತರೆ ತಿದ್ದುವವರು ಯಾರೆಂದು ಈತ ಕೇಳಿದ. ಒಬ್ಬರಿಗೊಬ್ಬರು ಕಲಿಸುತ್ತೇವೆ, ನಾಲ್ವರೂ ಒಂದೇ ಕಡೆ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ವಿದ್ವಾಂಸರು ಇದನ್ನು ಹಳೆಯ ಕಾಲದ ಶಿಕ್ಷಣಕ್ರಮಕ್ಕೆ ಉದಾಹರಣೆ ಎನ್ನುತ್ತಾರೆ. ನಮ್ಮ ಮತದಲ್ಲಿ ಇದು ವೈಫೈ ಪಾಸ್‌ವರ್ಡ್ ಹರಡುವ ಕ್ರಮದ ಅತಿ ಹಳೆಯ ದಾಖಲೆ. ಇಂದಿಗೂ ಒಂದು ಮನೆಯ ಮಾಣಿಗೆ ಗೊತ್ತಾದದ್ದು ಸಂಜೆಯೊಳಗೆ ಕೇರಿಯ ಮಕ್ಕಳಿಗೆಲ್ಲ ಬಾಯಿಪಾಠ. ನಾಲ್ವರಲ್ಲಿ ಒಬ್ಬನೂ ಮರೆಯುವುದಿಲ್ಲ. ಆದ್ದರಿಂದ ಮಾಣಿಗೆ ಗೆಸ್ಟ್ ನೆಟ್‌ವರ್ಕಿನ ಪಾಸ್‌ವರ್ಡನ್ನು ಮಾತ್ರ ಹೇಳುವುದು, ಕೇರಿಗೆ ಹೇಳಿದೆವೆಂದೇ ತಿಳಿದು ಹೇಳುವುದು.

ಓದುಗರಲ್ಲಿ ವಿನಂತಿ: ಇವತ್ತೇ ರೂಟರನ್ನು ಮಗುಚಿ ಚೀಟಿ ನೋಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಬಂದಿದ್ದರೆ ಹಾಕಿ, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಪೇರೆಂಟಲ್ ಕಂಟ್ರೋಲ್ ಹಾಕುವುದು ಗೊತ್ತಾಗದಿದ್ದರೆ ಬಲ್ಲವರನ್ನು ಕರೆಸಿ. ಮಾಣಿಯ ಕೈಯಲ್ಲಿ ಮಾತ್ರ ಮಾಡಿಸಬೇಡಿ.