ಹನ್ನೊಂದಿಂಚಿನ ಅಣ್ಣ

ಬೆಸಗರಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಕಳೆದುಕೊಂಡವರಿಗಿಂತ ಮೊದಲು ಗಾಬರಿ ಬೀಳುವವರು ಅಣ್ಣ. ಅಂಗಳಕ್ಕೆ ಬಂದು ನಿಂತವರು ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂದೇನೂ ವಿಚಾರಿಸುವುದಿಲ್ಲ. “ಎಷ್ಟಿಂಚಿನ ಕಾಯಿಲ್ ಹಾಕ್ಬೇಕು ಅನ್ನೋದು ಮೊದ್ಲು ಇತ್ಯರ್ಥ ಆಗ್ಲಿ” ಎನ್ನುತ್ತಾರೆ. ಇತ್ಯರ್ಥ ಆಗುವಷ್ಟರಲ್ಲಿ ಕಳೆದ ಓಲೆಯೋ ಉಂಗುರವೋ ಹಾಸಿಗೆ ಕೊಡವಿದಾಗ ಸಿಕ್ಕಿರುತ್ತದೆ. ಮನೆಯವರಿಗೆ ಸಂತೋಷ, ಅಣ್ಣನಿಗೆ ಸ್ವಲ್ಪ ಬೇಸರ.

ಈ ಬಗೆಯ ಮನುಷ್ಯರು ಮಂಡ್ಯ ಸೀಮೆಯಲ್ಲಿ ಹೋಬಳಿಗೊಬ್ಬರಂತೆ ಹಂಚಿಕೆಯಾಗಿದ್ದಾರೆ. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಲೇತ್ ತಿರುಗಿಸಿ, ಸ್ವಯಂನಿವೃತ್ತಿಯ ದುಡ್ಡು ಹಿಡಿದು ಊರಿಗೆ ಮರಳಿದವರು. ಬಂದ ಮೊದಲ ವರ್ಷ ಎರೆಹುಳು ಗೊಬ್ಬರ, ಆಮೇಲೆ ಮೊಬೈಲಿನಿಂದಲೇ ಪಂಪ್‌ಸೆಟ್ ಆನ್ ಮಾಡುವ ಡಬ್ಬಿ, ಆಮೇಲೆ ಮೊಟ್ಟೆ ಮರಿ ಮಾಡುವ ಪೆಟ್ಟಿಗೆ. ಯಾವುದೂ ಕೆಟ್ಟಿದ್ದಲ್ಲ. ಪ್ರತಿಯೊಂದರ ಬಗ್ಗೆಯೂ ಕಂಪನಿಯವನಿಗಿಂತ ಹೆಚ್ಚು ಇವರಿಗೇ ಗೊತ್ತಾದ ಮೇಲೆ ಆಸಕ್ತಿ ಇಳಿದುಹೋಗಿ ಅವೆಲ್ಲ ಅಟ್ಟ ಸೇರಿದವು ಅಷ್ಟೆ. ವೈದ್ಯರೂ ಕಥೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರು ಈಗ ಇದ್ದಿದ್ದರೆ ಅಣ್ಣನನ್ನು ಒಂದು ಕಥೆಗೆ ಎಳೆದುಕೊಳ್ಳದೆ ಬಿಡುತ್ತಿರಲಿಲ್ಲ.

ಈಗಿನದು ಲೋಹಶೋಧಕ. ಊರವರ ಬಾಯಲ್ಲಿ ಬರೀ ‘ಮಿಷನ್ನು’. ನೆಲದ ಮೇಲೆ ಬೀಸುವ ಅದರ ಬಿಲ್ಲೆಗೆ ಕಾಯಿಲ್ ಎಂದು ಹೆಸರು. ಅಣ್ಣನ ಮನೆಯವರು ಮಾತ್ರ ಕಾಯಿಲ್ ಎನ್ನದೆ ‘ನಿಮ್ಮ ಕಾಯಿಲೆ’ ಎನ್ನುತ್ತಾರೆ, ಅದೂ ನೆಂಟರ ಮುಂದೆಯೇ.

ಈ ವಿದ್ಯೆಯಲ್ಲಿ ಅಣ್ಣ ಆರಿಸಿಕೊಂಡ ವಿಭಾಗ ಕಡಲತೀರದ ಶೋಧ. ಮದ್ದೂರು ತಾಲೂಕಿಗೂ ಕಡಲಿಗೂ ಇರುವ ಸಂಬಂಧವೆಂದರೆ ಶಿಂಷಾ ಹೋಗಿ ಕಾವೇರಿಗೆ ಸೇರುತ್ತದೆ, ಕಾವೇರಿ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಅದೂ ಅಲ್ಲಿಯವರೆಗೆ ನೀರು ಉಳಿದರೆ. ಇನ್ನು ಅರಬ್ಬಿ ಕಡಲು ನೋಡಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕು. ಆದರೂ ಮೊಬೈಲಿನಲ್ಲಿ ಇಂಗ್ಲೆಂಡು, ಆಸ್ಟ್ರೇಲಿಯಾದ ಮುದುಕರು ತೀರದ ಮರಳಿನಲ್ಲಿ ಉಂಗುರ ಎತ್ತುವುದನ್ನು ರಾತ್ರಿಯೆಲ್ಲ ನೋಡಿ, ಬೆಳಿಗ್ಗೆ ಟೀ ಅಂಗಡಿಯಲ್ಲಿ ಕಬ್ಬಿನ ಗಾಡಿಯವರಿಗೆ ಅಣ್ಣ ಪಾಠ ಹೇಳುತ್ತಾರೆ. ಪಾಠದಲ್ಲಿ ತಪ್ಪಿಲ್ಲ. ಅದೇ ಸಂಕಟ, ತಪ್ಪಿದ್ದರೆ ಯಾರಾದರೂ ಎದ್ದು ಹೋಗಬಹುದಿತ್ತು.

“ನೋಡ್ಲಾ, ಕಾಯಿಲ್ ದೊಡ್ಡದಾದಷ್ಟೂ ಆಳ ಜಾಸ್ತಿ, ಒಂದು ಬೀಸಿಗೆ ಜಾಗವೂ ಜಾಸ್ತಿ. ನಾಣ್ಯದಷ್ಟು ವಸ್ತುವಾದ್ರೆ ಕಾಯಿಲ್ ಎಷ್ಟಗಲವೋ ಹೆಚ್ಚು ಕಮ್ಮಿ ಅಷ್ಟು ಆಳದವರೆಗೂ ಹೇಳ್ತದೆ.”

“ಹಂಗಾದ್ರೆ ಹದಿನೈದು ಇಂಚಿಂದೇ ತಗಂಡ್ರೆ ಆಯ್ತಲ್ಲಣ್ಣ?”

ಈ ಪ್ರಶ್ನೆಗಾಗಿಯೇ ಅಣ್ಣ ಕಾದಿರುತ್ತಾರೆ. ದೊಡ್ಡ ಕಾಯಿಲ್ಲಿಗೆ ಮೂಗುಬೊಟ್ಟಿನಂಥ ಸಣ್ಣ ಚಿನ್ನ ಕಾಣುವುದಿಲ್ಲ. ಮರಳಿನಲ್ಲಿರುವ ಕಬ್ಬಿಣದ ಅಂಶವನ್ನೂ ಅದು ಹೆಚ್ಚಾಗಿ ಎಳೆದುಕೊಂಡು ತಲೆಕೆಡಿಸಿಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಬಿದ್ದ ಉಂಗುರ, ಮೊಳೆ ಎರಡೂ ಅದರ ಕೆಳಗೆ ಒಟ್ಟಿಗೇ ಸಿಕ್ಕರೆ ಎರಡರ ಸದ್ದೂ ಕಲೆತುಹೋಗುತ್ತದೆ. ಸಾಲದ್ದಕ್ಕೆ ಅರ್ಧ ಗಂಟೆಯಲ್ಲಿ ತೋಳು ಬಿದ್ದುಹೋಗುತ್ತದೆ. ಕಸ ಹೆಚ್ಚಿರುವ ಕಡೆ ಆರಿಂಚು, ಬಯಲು ಮರಳಿಗೆ ಹನ್ನೊಂದು, ಖಾಲಿ ತೀರದಲ್ಲಿ ಆಳದ ವಸ್ತುವಿಗೆ ಹದಿನೈದು ಎನ್ನುವುದು ಅಣ್ಣನ ತ್ರಿಸೂತ್ರ. ಅವರ ಮಿಷನ್ನಿನ ಜೊತೆ ಬಂದದ್ದು ಹನ್ನೊಂದರದ್ದು. ಒಳಗೆ ‘ಡಿ’ ಆಕಾರದ ಎರಡು ತಂತಿಸುತ್ತು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಒಂದು ಕಾಂತಕ್ಷೇತ್ರ ಹೊರಡಿಸುತ್ತದೆ, ಇನ್ನೊಂದು ಆಲಿಸುತ್ತದೆ. ವೃತ್ತದೊಳಗೆ ವೃತ್ತವಿರುವ ಹಳೆ ಮಾದರಿಯ ಕಾಯಿಲ್ಲಿನ ನೋಟ ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ, ಜೋಡಿ-ಡಿಯದ್ದು ಮುಂದಿನಿಂದ ಹಿಂದಿನವರೆಗೆ ಒಂದು ಪಟ್ಟಿಯಂತೆ ಇಳಿಯುತ್ತದೆ ಎಂದು ಅಣ್ಣ ಟೀ ಲೋಟ ಬೋರಲು ಹಾಕಿ ತೋರಿಸುವಷ್ಟರಲ್ಲಿ ಗಾಡಿಯವರು ಕೊಪ್ಪದ ಸಕ್ಕರೆ ಕಾರ್ಖಾನೆ ಮುಟ್ಟಿರುತ್ತಾರೆ.

ಎರಡನೇ ಅಧ್ಯಾಯ ಬೀಸಿನ ವೇಗ. ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬರಲು ಎರಡರಿಂದ ಮೂರು ಸೆಕೆಂಡು ಹಿಡಿಯಬೇಕು ಎಂದು ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿಯವರು ತಮ್ಮ ಇಕ್ವಿನಾಕ್ಸ್ ಮಿಷನ್ನಿನ ಕೈಪಿಡಿಯಲ್ಲಿ ಬರೆದಿದ್ದಾರೆ. ಜೋರಾಗಿ ಬೀಸಿದರೆ ಆಳದ ಸಣ್ಣ ಸದ್ದು ತಪ್ಪಿಹೋಗುತ್ತದೆ. ಹಾಗೆಂದು ನಿಲ್ಲಿಸುವಂತೆಯೂ ಇಲ್ಲ; ಬದಲಾಗದೆ ಇರುವುದನ್ನೆಲ್ಲ ಮಿಷನ್ನು ನೆಲವೆಂದೇ ಎಣಿಸಿ ಸುಮ್ಮನಾಗುತ್ತದೆ. ಕಾಯಿಲ್ ನೆಲಕ್ಕೆ ಸಮವಾಗಿ ಹರಿಯಬೇಕು, ಬೀಸಿನ ಎರಡು ತುದಿಯಲ್ಲೂ ಮೇಲಕ್ಕೆ ಏಳಬಾರದು. ಇಷ್ಟನ್ನೂ ಅಣ್ಣ ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಮಿಷನ್ನು ಕೈಗೆ ಬಂದ ಕೂಡಲೆ ಮಾತ್ರ ಅವರ ಕೈಗೆ ದೇವರು ಬರುತ್ತದೆ. ಸೆಕೆಂಡಿಗೊಂದು ಬೀಸು, ತುದಿಯಲ್ಲಿ ಮೊಳದೆತ್ತರ ಹಾರು.

ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವರ ಅವ್ವ ಒಂದು ದಿನ ಇದನ್ನು ನೋಡಿ, “ಸಗಣಿ ಸಾರ್ಸೋ ಲೆಕ್ಕವೇ ಕಣಪ್ಪ ಇದು. ಕೈ ನೆಲ ಬಿಟ್ಟು ಏಳ್ಬಾರ್ದು, ಹಿಂದ್ಲ ಗೀಟಿನ ಮ್ಯಾಲೆ ಅರ್ಧ ಹತ್ಬೇಕು, ಆತ್ರ ಪಡ್ಬಾರ್ದು. ನೀನು ಮಾಡದು ಸಾರ್ಸದಲ್ಲ, ಎರಚದು” ಎಂದರು. ಕೈಪಿಡಿ ಹಲವು ಪುಟಗಳಲ್ಲಿ ಹೇಳುವುದೂ ಇದನ್ನೇ. ಅಣ್ಣ ಅದನ್ನು ಒಪ್ಪಲಿಲ್ಲ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ.

ಪೀಣ್ಯದಿಂದ ತಂದ ಸೇಫ್ಟಿ ಶೂ ಅಣ್ಣನ ಇನ್ನೊಂದು ಆಸ್ತಿ. ಶೋಧಕ್ಕೆ ಹೊರಟಾಗಲೆಲ್ಲ ಅದನ್ನೇ ಮೆಟ್ಟುತ್ತಾರೆ. ಬಹಳ ದಿನದವರೆಗೆ ಅವರ ಮಿಷನ್ನು ಹೋದಲ್ಲೆಲ್ಲ ಬೀಸಿಗೊಂದು ಸಲ ಕೂಗುತ್ತಿತ್ತು. ನೆಲದಲ್ಲಿ ಖನಿಜ ಹೆಚ್ಚಿದೆ ಎಂದು ಅಣ್ಣ ವ್ಯಾಖ್ಯಾನವನ್ನೂ ಕೊಟ್ಟಿದ್ದರು. ಕೊನೆಗೆ ಗುದ್ದಲಿ ಹೊತ್ತು ಹಿಂದೆ ಬರುತ್ತಿದ್ದ ಏಳನೇ ಕ್ಲಾಸಿನ ಹುಡುಗ, “ನಿಮ್ ಕಾಲ್ ತಾವ ಬಂದಾಗ್ಲೇ ಕೂಗ್ತದಲ್ಲ ದೊಡ್ಡಪ್ಪ” ಎಂದ. ಶೂಗಳ ಮೂತಿಯೊಳಗೆ ಉಕ್ಕಿನ ಕವಚ ಇತ್ತು.

ಅಣ್ಣ ಒಂದು ಚೂರೂ ಕುಗ್ಗಲಿಲ್ಲ. ಸಂಜೆಯ ಹೊತ್ತಿಗೆ ಅದಕ್ಕೊಂದು ಚರಿತ್ರೆ ಸಿದ್ಧವಾಗಿತ್ತು, ಮತ್ತು ಆ ಚರಿತ್ರೆ ನಿಜ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ದೇಹದಲ್ಲಿ ಎಲ್ಲಿದೆ ಎಂದು ಪತ್ತೆಮಾಡಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಸುತ್ತುಗಳ ಯಂತ್ರವೊಂದನ್ನು ಕಟ್ಟಿ ತಂದರು. ಎಲ್ಲೆಲ್ಲೋ ಸದ್ದು, ಗುಂಡು ಮಾತ್ರ ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳೇ ಗೊಂದಲಕ್ಕೆ ಕಾರಣ ಎನ್ನುತ್ತಾರೆ. ಅದರ ಮೇಲೆ, ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದಿದ್ದ ವೈದ್ಯರು ಎಡಗಡೆ ಹುಡುಕಲು ಬಿಡಲೇ ಇಲ್ಲ. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡರು. “ಬೆಲ್‌ನಂಥ ಬೆಲ್‌ಗೇ ಮಂಚ ಗೊತ್ತಾಗ್ಲಿಲ್ಲ, ನಂಗೆ ಬೂಟು ಗೊತ್ತಾಗ್ಲಿಲ್ಲ” ಎಂದು ಅಣ್ಣ ತಮ್ಮನ್ನೂ ಬೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಮಿಷನ್ನು ಬಂದ ಸುದ್ದಿ ಹರಡಿದ ಮೇಲೆ ಕತ್ತಲಾದ ನಂತರ ಬರುವವರು ಶುರುವಾದರು. ನಿಂಬೆಹಣ್ಣು, ಕುಂಕುಮದ ಜೊತೆ ಬಂದು ಪಿಸುಮಾತಿನಲ್ಲಿ ಮಾಸ್ತಿಕಲ್ಲಿನ ಬುಡದ ಕಡೆ ಸನ್ನೆ ಮಾಡುವವರು. ಈ ವಿಷಯದಲ್ಲಿ ಅಣ್ಣ ಬಲು ಪುಕ್ಕಲು, ಹಾಗಾಗಿ ಬಲು ಪ್ರಾಮಾಣಿಕ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲೇ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತ್ತು, ನಮ್ಮ ರಾಜ್ಯಕ್ಕೆ ಬೇರೆ 1962ರ ಕಾಯ್ದೆಯೇ ಇದೆ ಎಂದು ಬಾಗಿಲಲ್ಲೇ ಓದಿ ಹೇಳುತ್ತಾರೆ. ಬಂದವರು ಹೊಸನಗರ ತಾಲೂಕಿನ ನಗರದಲ್ಲಿ ಟಿಪ್ಪು ಕಾಲದ ರಾಕೆಟ್ಟು ಸಿಗಲಿಲ್ಲವೇ ಎಂದು ವಾದ ಹೂಡುತ್ತಾರೆ. ಹೌದು, 2018ರಲ್ಲಿ ಅಲ್ಲಿಯ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ಎತ್ತಿದ್ದು ಪುರಾತತ್ವ ಇಲಾಖೆ, ಹೋಗಿದ್ದು ಇಲಾಖೆಗೇ, ಮತ್ತು ಅವೆಲ್ಲ ಕಬ್ಬಿಣ. ಕಬ್ಬಿಣ ಎಂದ ಕೂಡಲೆ ಬಂದವರು ನಿಂಬೆಹಣ್ಣು ಜೇಬಿಗೆ ಹಾಕಿಕೊಳ್ಳುತ್ತಾರೆ.

ನಿಜವಾದ ಕಡಲನ್ನು ಅಣ್ಣ ಕಂಡದ್ದು ಊರವರ ಜೊತೆ ಧರ್ಮಸ್ಥಳಕ್ಕೆ ಹೋದ ಬಸ್ಸು ಹಾಗೆಯೇ ಮಲ್ಪೆಗೆ ಹೋದಾಗ. ಬೆಡ್‌ಶೀಟಿನಲ್ಲಿ ಸುತ್ತಿ ತಂದ ಮಿಷನ್ನು ಒಣ ಮರಳಿನಲ್ಲಿ ಚೆನ್ನಾಗಿಯೇ ಇತ್ತು. ಅಲೆ ತಾಕುವ ಜಾಗಕ್ಕೆ ಇಳಿದದ್ದೇ ತಡ, ನಿಲ್ಲದೆ ಅರಚತೊಡಗಿತು. ಉಪ್ಪುನೀರು ವಿದ್ಯುತ್ತು ಹರಿಸುತ್ತದೆ. ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುವ ಮಿಷನ್ನಿಗೆ ಒದ್ದೆ ತೀರವೆಲ್ಲ ಲೋಹದಂತೆ ಕೇಳಿಸುತ್ತದೆ. ಅದಕ್ಕೆಂದೇ ಹಲವು ಕಂಪನಾಂಕಗಳನ್ನು ಒಟ್ಟಿಗೆ ಬಳಸುವ ಮಿಷನ್ನು, ಇಲ್ಲವೆ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುವ ಪಲ್ಸ್ ಮಾದರಿಯದ್ದು ಬೇಕು. ಸೂಕ್ಷ್ಮತೆ ತಗ್ಗಿಸಿ, ನೀರಂಚಿಗೆ ಸಮಾನಾಂತರವಾಗಿ ನಿಧಾನಕ್ಕೆ ಬೀಸಿದರೆ ಎಷ್ಟೋ ಪಾಲು ತಣ್ಣಗಾಗುತ್ತಿತ್ತು. ಅಣ್ಣ ನೀರಿನತ್ತಲೂ ದಡದತ್ತಲೂ ಅಡ್ಡಾದಿಡ್ಡಿ ಬೀಸಿದರು. ಒಣ ಮರಳಿನಲ್ಲಿ ಬಿಯರ್ ಬಾಟಲಿಯ ಮುಚ್ಚಳಗಳು, ಮಾತ್ರೆಯ ಪಟ್ಟಿಯ ಬೆಳ್ಳಿಹಾಳೆ, ಒಂದು ಬೀಗದ ಕೈ ಸಿಕ್ಕವು. ಬೆಳ್ಳಿಹಾಳೆಗೆ ಕಿವಿಗೊಡದಂತೆ ಮಿಷನ್ನಿಗೆ ಹೇಳಬಹುದಲ್ಲ ಎಂದು ಯಾರೋ ಕೇಳಿದರು. ಹೇಳಬಹುದು, ಆದರೆ ಸಣ್ಣ ಚಿನ್ನದುಂಗುರದ ಸದ್ದೂ ಅದೇ ಶ್ರುತಿಯಲ್ಲಿರುತ್ತದೆ. ಕಸ ಬೇಡವೆಂದರೆ ಚಿನ್ನವೂ ಹೋಯಿತು. ತೆಳು ಸರವಂತೂ ಕೊಂಡಿ ಕೊಂಡಿಯಾಗಿ ಬಿಡಿ ಚೂರಿನಂತೆ ಕೇಳಿಸಿ ಎಷ್ಟೋ ಸಲ ಸದ್ದೇ ಬರುವುದಿಲ್ಲ.

ಮಳವಳ್ಳಿ ಕಡೆಯ ನೆಂಟರ ಜೊತೆ ಅಣ್ಣನಿಗಿರುವ ಹಳೇ ಜಗಳ ಮುತ್ತತ್ತಿಯದು. ಕಾವೇರಿಯಲ್ಲಿ ಮೀಯುವಾಗ ಸೀತಮ್ಮನ ಒಡವೆ ನೀರಿಗೆ ಬಿತ್ತು, ಹನುಮಂತ ಬಾಲ ಇಳಿಬಿಟ್ಟು ಕಲಕಿ ತೆಗೆದುಕೊಟ್ಟ ಎಂಬುದು ಅಲ್ಲಿಯ ಸ್ಥಳಪುರಾಣ. ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟದ್ದು ಅದೇ ಮುತ್ತತ್ತಿರಾಯನ ಮೇಲಿನ ಭಕ್ತಿಯಿಂದ. ಬಿದ್ದದ್ದು ಉಂಗುರ ಎನ್ನುವವರೂ ಉಂಟು, ಮೂಗುತಿಯ ಮುತ್ತು ಎನ್ನುವವರೂ ಉಂಟು. ಅಣ್ಣ ಉಂಗುರದ ಪಕ್ಷ. ಮುತ್ತು ಲೋಹವಲ್ಲ, ಎಷ್ಟಿಂಚಿನ ಕಾಯಿಲ್ ಹಾಕಿದರೂ ಸದ್ದು ಬರುವುದಿಲ್ಲ ಎಂಬುದು ಅವರ ವಾದ. “ಹನುಮಂತನ್ ಬಾಲಕ್ಕೆ ಯಾವ ಕಂಪ್ನಿ ಕಾಯಿಲ್ ಹಾಕಿತ್ತು ಭಾವ?” ಎಂದು ನೆಂಟರು ಕೇಳಿದಾಗ ಅಣ್ಣ ನಗದೆ, ಬೀಸಿನ ವೇಗವಂತೂ ಸರಿಯಾಗೇ ಇದ್ದಿರಬೇಕು ಎಂದರಂತೆ. ಮುತ್ತತ್ತಿಯ ಸುಳಿಗಳಿಗೆ ಹೆದರಿ ಅವರು ಅಲ್ಲಿ ಪಾದವನ್ನೂ ನೆನೆಸಿಲ್ಲ. ಆ ಸುಳಿಗಳಲ್ಲಿ ಹೋದ ಜೀವಗಳ ಲೆಕ್ಕ ಗೊತ್ತಿರುವವರು ಈ ಒಂದು ವಿಷಯದಲ್ಲಿ ಅವರನ್ನು ಗೇಲಿ ಮಾಡುವುದಿಲ್ಲ.

ತಮ್ಮೂರ ಕಡೆಯ ಶಿಂಷಾ ಹೊಳೆಯಾದರೂ ಆಗಲಿ ಎಂದರೆ, ಶೋಧಕ್ಕೆ ಮರಳೇ ಇಲ್ಲ. ಲಾರಿಗಟ್ಟಲೆ ಹೋಗಿ ಬೆಂಗಳೂರಿನ ಗೋಡೆಗಳೊಳಗೆ ಕೂತಿದೆ. ಹಿಂದಿನವರು ಹೊಳೆಯಲ್ಲಿ ಕಳೆದ ಓಲೆ, ಕಾಲುಂಗುರ ಎಲ್ಲ ಈಗ ಯಾವುದೋ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿವೆ, ಹೋಗಿ ಬೀಸಿದರೆ ಗೊತ್ತಾಗುತ್ತದೆ ಎಂದು ಅಣ್ಣ ನಂಬಿದ್ದಾರೆ. ಉಳಿದ ಮರಳಿನಲ್ಲಿ, ಗದ್ದೆ ಬದುವಿನಲ್ಲಿ ಅವರಿಗೆ ಇದುವರೆಗೆ ಸಿಕ್ಕದ್ದು ಎತ್ತಿನ ಲಾಳ, ಲಾಳದ ಮೊಳೆ, ಕ್ವಾರ್ಟರ್ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ. ಒಮ್ಮೆ ಆರು ಮೂಲೆಯ ಮೂರು ಪೈಸೆ ಸಿಕ್ಕಿತು. 1964ರಿಂದ 1971ರವರೆಗೆ ಮಾತ್ರ ಟಂಕಿಸಿದ ಅಲ್ಯೂಮಿನಿಯಂ ನಾಣ್ಯ ಅದು. ಸ್ನಾನಘಟ್ಟಗಳಲ್ಲಿ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಕಾಸು ಎತ್ತುವ ಹುಡುಗರಿಗೆ ಅದು ಅಂಟುವುದಿಲ್ಲ, ಈಗಿನ ಉಕ್ಕಿನ ಒಂದು ರೂಪಾಯಿ ಅಂಟುತ್ತದೆ ಎಂದು ಅಣ್ಣ ಅದನ್ನು ಪರ್ಸಿನಲ್ಲಿಟ್ಟುಕೊಂಡು ತೋರಿಸುತ್ತಾರೆ. ಅಯಸ್ಕಾಂತದ ಹುಡುಗರ ದಿನದ ದುಡಿಮೆ ತಮಗಿಂತ ಹೆಚ್ಚು ಎಂಬುದನ್ನು ತೋರಿಸುವುದಿಲ್ಲ.

ಇಷ್ಟಾಗಿಯೂ ಈಚೆಗೆ ಅಣ್ಣನಿಗೆ ಬೇಡಿಕೆ ಬಂದಿದೆ. ಹೊಸ ಕಾಂಕ್ರೀಟ್ ರಸ್ತೆ ಹಾಕಿದವರು ಕುಡಿಯುವ ನೀರಿನ ವಾಲ್ವುಗಳ ಕಬ್ಬಿಣದ ಮುಚ್ಚಳಗಳನ್ನೂ ಸೇರಿಸಿ ಮುಚ್ಚಿಬಿಟ್ಟರು. ಯಾವ ಬೀದಿಯ ವಾಲ್ವು ಎಲ್ಲಿದೆ ಎಂಬುದು ನೀರುಗಂಟಿಗೂ ಮರೆತಿದೆ. ಅವನು ಸಂಜೆ ಬಂದು ಕರೆದ. ಅಣ್ಣ ಶೂ ಬಿಟ್ಟು ಹವಾಯಿ ಚಪ್ಪಲಿ ಮೆಟ್ಟಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಬೀದಿಗೆ ಇಳಿದರು. ಹಿಂದೆ ಹತ್ತಾರು ಮಕ್ಕಳು, ಎರಡು ನಾಯಿ.

“ಇಂಥ ದೊಡ್ಡ ಕಬ್ಬಿಣಕ್ಕೆ ನ್ಯಾಯವಾಗಿ ಹದಿನೈದಿಂಚಿಂದೇ ಬೇಕು” ಎಂದು ಅಣ್ಣ ಶುರುಮಾಡಿದರು. “ಆದ್ರೆ ರಸ್ತೆ ಪಕ್ಕ ಕರೆಂಟ್ ವೈರು ಐತೆ ನೋಡು, ದೊಡ್ಡ ಕಾಯಿಲ್ ಅದನ್ನೂ ಎಳ್ಕೊಳ್ತದೆ. ಅದ್ಕೇ ಈಗ ಹನ್ನೊಂದರಲ್ಲೇ…”

“ಅಣ್ಣೋ, ಇಂಚು ಆಮ್ಯಾಕ್ ಹೇಳಿವ್ರಂತೆ. ಬೆಳಿಗ್ಗೆ ಆರಕ್ಕೆ ಮ್ಯಾಗಳ ಬೀದಿಗೆ ನೀರು ಬುಡ್ಬೇಕು.”

ಅಣ್ಣ ಬೀಸಿದರು. ಮೊದಲ ಬೀಸಿಗೇ ಕಿವಿ ಕಿತ್ತುಹೋಗುವಂಥ ಸದ್ದು. “ಇಲ್ಲೇ ಐತೆ, ಒಡೀರಿ” ಎಂದರು. ಇಬ್ಬರು ಹಾರೆ ಎತ್ತಿದರು. ಏಳನೇ ಕ್ಲಾಸಿನ ಹುಡುಗ ಮಾತ್ರ ನೀರುಗಂಟಿಯ ಕೈಯಲ್ಲಿ ಮೊಣಕಾಲಿನವರೆಗೆ ಜೋತಾಡುತ್ತಿದ್ದ ವಾಲ್ವ್ ತಿರುಗಿಸುವ ಪಾನಾವನ್ನೇ ನೋಡುತ್ತಿದ್ದ.

“ದೊಡ್ಡಪ್ಪ,” ಎಂದ.

“ಸುಮ್ಕಿರ್ಲಾ,” ಎಂದರು ಅಣ್ಣ.