ನಳಕ್ಕ ವಾರಕ್ಕೊಮ್ಮೆ, ಬೇಸ್‌ಮೆಂಟಿಗೆ 24×7

ಹುಬ್ಬಳ್ಳಿ-ಧಾರವಾಡಕ್ಕೆ ನಿರಂತರ ನೀರು ಹೊಸ ಸಂಗತಿಯಲ್ಲ. 2008ರಲ್ಲೇ ವಿಶ್ವಬ್ಯಾಂಕಿನ ಸಾಲದಲ್ಲಿ ಅವಳಿ ನಗರದ ಕೆಲವೇ ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ತಾಸೂ ನಳದಲ್ಲಿ ನೀರು ಬಿಟ್ಟು ಇಡೀ ದೇಶಕ್ಕೆ ಮಾದರಿ ಅನ್ನಿಸಿಕೊಂಡೆವು. ಉಳಿದ ಓಣಿಗಳವರು ಐದಾರು ದಿನಕ್ಕೊಮ್ಮೆ ಬರುವ ನಳದ ಮುಂದೆ ಕೊಡ ಹಿಡಿದು ನಿಂತು ಆ ಮಾದರಿಯನ್ನು ದೂರದಿಂದಲೇ ಗೌರವಿಸುತ್ತ ಬಂದರು. ಸವದತ್ತಿಯಿಂದ ಹೊರಟ ಮಲಪ್ರಭೆ ಹುಬ್ಬಳ್ಳಿಯ ಗೋಪನಕೊಪ್ಪ ಮುಟ್ಟುವಷ್ಟರಲ್ಲಿ ಎಲ್ಲೆಲ್ಲಿ ಪೈಪು ಒಡೆಯಬೇಕೋ ಅಲ್ಲೆಲ್ಲ ಒಡೆದು ಬರುತ್ತಾಳೆ. ಅವಳನ್ನು ಬೈದು ಫಲವಿಲ್ಲ. ಈ ಭಾಗದ ಹೊಸ ಬಡಾವಣೆಗಳ ಸ್ವಾಭಿಮಾನಿ ಮನೆಮಾಲೀಕರು ಮಾತ್ರ ಪಾಲಿಕೆಯ ದಾರಿ ಕಾಯಲಿಲ್ಲ. ಸ್ವಂತ ಖರ್ಚಿನಲ್ಲಿ, ಬ್ಯಾಂಕಿನ ಸಾಲದಲ್ಲಿ, ಮೀಟರು-ಬಿಲ್ಲಿನ ಹಂಗಿಲ್ಲದ 24×7 ಯೋಜನೆಯೊಂದನ್ನು ಮನೆಯ ಅಡಿಯಲ್ಲೇ ಜಾರಿಗೆ ತಂದರು. ಅದರ ಹೆಸರು ಬೇಸ್‌ಮೆಂಟ್.

ಜೂನ್ ಎರಡನೇ ವಾರ ಅದರ ಉದ್ಘಾಟನೆ. ಮೊದಲು ಗೋಡೆಯ ಬುಡದಲ್ಲಿ ಒಂದು ತೇವದ ಗೆರೆ. ಆಮೇಲೆ ಬಣ್ಣ ಉಬ್ಬಿ ಹಪ್ಪಳ ಏಳುತ್ತದೆ, ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ನಾಲ್ಕನೇ ದಿನ ಸ್ಕೂಟರಿನ ಗಾಲಿ ಅರ್ಧ ಮುಳುಗಿರುತ್ತದೆ, ತಾತನ ಕಾಲದ ಟ್ರಂಕು ತೇಲಲೋ ಬೇಡವೋ ಎಂದು ವಿಚಾರ ಮಾಡುತ್ತಿರುತ್ತದೆ.

ಗುತ್ತಿಗೆದಾರನಿಗೆ ಫೋನು ಹೋಗುತ್ತದೆ. "ಏನ್ ಆಗಂಗಿಲ್ರಿ ಸರ, ಈ ಸಲ ಮಳಿ ಜಾಸ್ತಿ ಆತು." ಹೋದ ಸಲವೂ ಜಾಸ್ತಿಯೇ ಆಗಿತ್ತು. ಮಳೆ ಕಮ್ಮಿಯಾದ ವರ್ಷ ಬಂದರೆ ಅದಕ್ಕೂ ಅವನಲ್ಲಿ ಉತ್ತರ ಉಂಟು: "ಬ್ಯಾಸಗಿಗೆ ಭೂಮಿ ಬಿರಕ ಬಿಟ್ಟಿತ್ರಿ, ಅದಕ್ಕ ಒಳಗ ಬಂತು." ಇದೊಂದು ಮಾತು ಮಾತ್ರ ನೂರಕ್ಕೆ ನೂರು ಸತ್ಯ. ಅವನಿಗೆ ಅದು ಗೊತ್ತಾಗುವುದು ಪಾಯ ತೋಡಿದ ಮೇಲೆ ಎಂಬುದಷ್ಟೇ ತೊಂದರೆ.

ಇದು ಎರೆಭೂಮಿ. ಹುಬ್ಬಳ್ಳಿಗೆ ಅರಳೆ ಪೇಟೆಯೆಂಬ ಹೆಸರು ಬಂದದ್ದೇ ಈ ಮಣ್ಣಿನ ದಯೆಯಿಂದ. ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ಅದಕ್ಕಿದೆ. ಹತ್ತಿಯ ಬೇರಿಗೆ ಬೇಕಾದದ್ದು ಅದೇ. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಗೋಡೆಯನ್ನು ಒಳಕ್ಕೆ ನೂಕುವುದು, ಬೇಸಿಗೆಗೆ ಗೋಡೆಯಿಂದ ದೂರ ಸರಿದು ಮುಂದಿನ ಮಳೆಗೆ ಸಂದು ಮಾಡಿಕೊಡುವುದು ಅದರ ವಾರ್ಷಿಕ ಕಾರ್ಯಕ್ರಮ. ಇಂಥ ಮಣ್ಣಿನಲ್ಲಿ ಕುಣಿ ತೋಡಿ ಸುತ್ತ ಕಾಂಕ್ರೀಟ್ ಕಟ್ಟಿದರೆ ಆಗುವುದು ಬೋಗುಣಿ. ಬೋಗುಣಿಯಲ್ಲಿ ನೀರು ನಿಂತಿದೆಯೆಂದು ದೂರುವವರನ್ನು ಗೋಪನಕೊಪ್ಪದ ಹಳೇ ರೈತರು ಕಟ್ಟೆಯ ಮೇಲೆ ಕೂತು, ಮಾತಾಡದೆ, ಎಲಡಿಕಿ ಹಾಕಿಕೊಳ್ಳುತ್ತ ನೋಡುತ್ತಾರೆ. ಬಡಾವಣೆಗೆ ಆ ಹೊಲ ಮಾರಿದವರು ಅವರೇ. ಅದರೊಳಗೆ ಯಾವ ಮೂಲೆಯಲ್ಲಿ ದೀಪಾವಳಿವರೆಗೂ ಕೆಸರು ಆರುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನೆಲದಡಿ ಒಣಗಿರುವ ಕೋಣೆ ಕಟ್ಟುವುದು ಈ ಸೀಮೆಗೆ ಬಾರದ ವಿದ್ಯೆಯೇನಲ್ಲ. ಹಗೇವು ಎಂಬುದೊಂದಿತ್ತು. ಊರಿನ ದಿನ್ನೆ ಜಾಗ ನೋಡಿ, ಗಟ್ಟಿ ನೆಲ ಆರಿಸಿ, ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಮಾಡಿ ತೋಡಿ, ಒಳಮೈಗೆ ಒಣಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಅವರಲ್ಲಿ ಸಿವಿಲ್ ಎಂಜಿನಿಯರುಗಳು ಇರಲಿಲ್ಲ. ಜೋಳ ಮುಗ್ಗಿದರೆ ಉಪವಾಸ ಎಂಬ ಒಂದೇ ನಿಯಮಾವಳಿ ಇತ್ತು. ಈಗಿನ ಬೇಸ್‌ಮೆಂಟಿನಲ್ಲಿ ಕಾಳು ಬೇಡ, ಮುರಿದ ಕುರ್ಚಿ ಇಟ್ಟರೂ ಶ್ರಾವಣಕ್ಕೆ ಮೊಳಕೆ ಬಂದೀತು.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ನೀರು ಒಂದು ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್ನಿನಂತೆ ಒತ್ತುತ್ತದೆ. ಮೂರು ಮೀಟರ್ ಆಳ, ಹತ್ತು ಮೀಟರ್ ಉದ್ದದ ಗೋಡೆಯ ಹೊರಗೆ ನೆಲಮಟ್ಟದವರೆಗೂ ನೀರು ತುಂಬಿದರೆ ಆ ಒಂದೇ ಗೋಡೆಯ ಮೇಲೆ ಬೀಳುವ ಒತ್ತಡ ಸುಮಾರು 45 ಟನ್; ಉಬ್ಬಿದ ಮಣ್ಣಿನ ನೂಕಾಟ ಅದರ ಮೇಲಿನ ಬೋನಸ್ಸು. ಅದರ ಎದುರು ನಮ್ಮ ಸೈನ್ಯ ಯಾವುದು? ಒಳಗಿನಿಂದ ಬಳಿದ ಎರಡು ಕೋಟು ಡ್ಯಾಂಪ್-ಪ್ರೂಫ್ ಬಣ್ಣ. ಡಬ್ಬಿಯ ಮೇಲೆ ಹತ್ತು ವರ್ಷದ ವಾರಂಟಿ ಇರುತ್ತದೆ, ಕೆಳಗೆ ಇರುವೆ ಓದುವ ಅಕ್ಷರದಲ್ಲಿ ಷರತ್ತುಗಳೂ ಇರುತ್ತವೆ. ನೀರಿಗೆ ಓದು ಬಾರದು.

ಬಂದೋಬಸ್ತು ಮಾಡಬೇಕಾದದ್ದು ಹೊರಮೈಗೆ, ಮಣ್ಣು ಮುಚ್ಚುವ ಮೊದಲು. ತಳದ ಕಾಂಕ್ರೀಟೂ ಗೋಡೆಯೂ ಕೂಡುವಲ್ಲಿ ನೀರು ತಡೆಯುವ ಪಿವಿಸಿ ಪಟ್ಟಿ, ಹೊರಗಿನಿಂದ ಜಲನಿರೋಧಕ ಪದರ, ಗೋಡೆ ಪಕ್ಕಕ್ಕೆ ಎರೆಮಣ್ಣು ಬಿಟ್ಟು ಜಲ್ಲಿ-ಗರಸು, ಬುಡದಲ್ಲಿ ಬಟ್ಟೆ ಸುತ್ತಿದ ತೂತಿನ ಪೈಪು, ಅದು ಹೋಗಿ ಬೀಳುವ ಗುಂಡಿ, ಗುಂಡಿಯಲ್ಲಿ ತಾನೇ ಏಳುವ ಪಂಪು. ಮುಂಬೈ ಕಡೆಯ ಮೇಸ್ತ್ರಿಗಳು ಬಾಕ್ಸ್ ವಾಟರ್‌ಪ್ರೂಫಿಂಗ್ ಅಂತ ನೆಲಮಾಳಿಗೆಯನ್ನು ಹೊರಗಿನಿಂದ ಕಲ್ಲಿನ ಪೆಟ್ಟಿಗೆಯಲ್ಲಿ ಕೂಡಿಸುತ್ತಾರೆ. ಆ ಕಲ್ಲು ಯಾವುದು ಅಂದುಕೊಂಡಿರಿ? ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದ್ ಫರಸಿ! ನಾವು ಅದೇ ಫರಸಿಯನ್ನು ತಂದು ಬೇಸ್‌ಮೆಂಟಿನ ಒಳಗೆ ಹಾಸಿ, ಪಾಲಿಶ್ ಮಾಡಿಸಿ, ಬಂದ ನೀರು ಹೊಳೆಯುವಂತೆ ನೋಡಿಕೊಳ್ಳುತ್ತೇವೆ.

ಹೊರಗೆ ಮಾಡಿದ್ದು ಕಾಣುವುದಿಲ್ಲ, ಅದೇ ಅದರ ದೊಡ್ಡ ದೋಷ. ಗೃಹಪ್ರವೇಶಕ್ಕೆ ಬಂದ ಬೀಗರಿಗೆ ಮಣ್ಣಿನಡಿಯ ಪೈಪು ತೋರಿಸಲು ಆಗುತ್ತದೆಯೇ? ಇಟಾಲಿಯನ್ ಮಾರ್ಬಲ್ಲು ತೋರಿಸಬಹುದು. ಹೀಗಾಗಿ ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಪೈಪಿಗೆ. "ಮಣ್ಣು ಟೆಸ್ಟ್ ಯಾಕ್ರಿ, ಎರಿ ಮಣ್ಣು ಕಣ್ಣಿಗೇ ಕಾಣ್ತೈತಲ್ಲ" ಎಂದು ಅದಕ್ಕೂ ಕತ್ತರಿ. ತೋಡಿದ ಎರೆಮಣ್ಣನ್ನೇ ಗೋಡೆ ಪಕ್ಕ ವಾಪಸು ತುಂಬಿದರೆ ಲಾರಿ ಬಾಡಿಗೆಯೂ ಉಳಿತಾಯ. ಹೀಗೆ ಉಳಿಸಿದ ದುಡ್ಡಿನಲ್ಲಿ ಮನೆಗೆ "ಜಲಧಾರೆ" ಎಂದು ಗ್ರಾನೈಟ್ ಫಲಕ ಕೆತ್ತಿಸಿದವರೂ ಇದ್ದಾರು.

ಕತ್ತರಿ ಬೀಳದ ಖರ್ಚು ಒಂದೇ, ವಾಸ್ತು. ನೆಲದ ಇಳಿಜಾರು ಈಶಾನ್ಯಕ್ಕೇ ಇರಬೇಕು. ಗಟಾರು ನೈಋತ್ಯದಲ್ಲಿದ್ದರೆ? ಗಟಾರಿಗೆ ವಾಸ್ತು ಗೊತ್ತಿಲ್ಲ, ಅದು ಗಟಾರಿನ ತಪ್ಪು. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿನ ತಲೆಯಲ್ಲಿ ಗೇಣು ಎತ್ತರದ ದಿಬ್ಬ ಕಟ್ಟಿ, ಬುಡಕ್ಕೆ ಜಾಲರಿ ಮುಚ್ಚಿದ ಕಾಲುವೆ ಮಾಡಿದರೆ ಬೀದಿ ನೀರು ಒಳಗೆ ಇಳಿಯುವುದು ಅರ್ಧಕ್ಕರ್ಧ ನಿಲ್ಲುತ್ತದೆ. ದಿಬ್ಬ ಕಟ್ಟಿದರೆ ಹೊಸ ಕಾರಿನ ಹೊಟ್ಟೆ ತಾಗುತ್ತದೆಂದು ಅದನ್ನು ಬಿಟ್ಟಿರುತ್ತಾರೆ. ಆ ಕಾರು ಜುಲೈನಲ್ಲಿ ಸೀಟಿನ ತನಕ ನೀರಿನಲ್ಲಿ ಕೂತಿರುತ್ತದೆ, ಹೊಟ್ಟೆಗೆ ಒಂದು ಗೀರೂ ಇಲ್ಲದೆ.

ಬೇಸ್‌ಮೆಂಟ್ ಕಟ್ಟುವ ತಾಕತ್ತಿಲ್ಲದ ಬಡವರನ್ನು ಸರ್ಕಾರ ಮರೆತಿದೆ ಎನ್ನಬೇಡಿ. ಅವರಿಗಾಗಿ ಕಾಂಕ್ರೀಟ್ ರಸ್ತೆ ಬಂದಿದೆ. ಹಳೇ ಡಾಂಬರನ್ನು ಕೆರೆದು ತೆಗೆದು ಅದೇ ಮಟ್ಟಕ್ಕೆ ಹೊಸದು ಹಾಕಬೇಕೆಂಬ ಪುಸ್ತಕದ ಮಾತನ್ನು ಬದಿಗಿಟ್ಟು, ಇದ್ದದ್ದರ ಮೇಲೆ ಇನ್ನೊಂದು ಪದರ ಎರೆಯಲಾಗುತ್ತದೆ. ಎರಡು ಚುನಾವಣೆ ಕಳೆಯುವಷ್ಟರಲ್ಲಿ ಹೊಸ್ತಿಲು ರಸ್ತೆಗಿಂತ ಕೆಳಗೆ. ಒಂದು ಬುಟ್ಟಿ ಮಣ್ಣು ತೋಡದೆ ನೆಲಮಹಡಿಯೇ ನೆಲಮಾಳಿಗೆಯಾಗುವ ಈ ಯೋಜನೆಗೆ ಯಾವ ಮುಖ್ಯಮಂತ್ರಿಯೂ ಇನ್ನೂ "ಬೇಸ್‌ಮೆಂಟ್ ಭಾಗ್ಯ" ಎಂದು ಹೆಸರಿಡದಿರುವುದು ನನಗೆ ಆಶ್ಚರ್ಯ. ಅರ್ಜಿ ಬೇಡ, ಆಧಾರ್ ಬೇಡ, ಮನೆ ಬಾಗಿಲಿಗೇ ಸೇವೆ. ಹಳ್ಳಗಳ ಕತೆಯೂ ಅಷ್ಟೇ. ಉಣಕಲ್ ಕೆರೆಯಿಂದ ಹೊರಟ ನಾಲಾದ ದಂಡೆಗೆ ಸ್ಮಾರ್ಟ್ ಸಿಟಿಯವರು ಫ್ರಾನ್ಸಿನ ನೆರವಿನಲ್ಲಿ ಸೈಕಲ್ ಪಥ ಮಾಡಿದರು. ಸಣ್ಣಪುಟ್ಟ ಹಳ್ಳಗಳ ಮೇಲೆ ಉಳಿದವರು ಸೈಟು ಮಾಡಿದರು. ಇನ್ನು ನೀರು ಹೋಗುವುದಾದರೂ ಎಲ್ಲಿಗೆ? ಇಳಿಜಾರಿನಲ್ಲಿ ಗೇಟು ತೆರೆದು ಸ್ವಾಗತಿಸುವ ಮನೆ ಇರುವಾಗ ಬೀದಿಯಲ್ಲಿ ಯಾಕೆ ನಿಲ್ಲಬೇಕು?

ಇಷ್ಟರವರೆಗೆ ನಗಬಹುದು. 2024ರ ಜುಲೈ 27ರಂದು ದೆಹಲಿಯ ಹಳೇ ರಾಜೇಂದ್ರ ನಗರದ ಕೋಚಿಂಗ್ ಸೆಂಟರೊಂದರ ಬೇಸ್‌ಮೆಂಟಿಗೆ ಬೀದಿ ನೀರು ನುಗ್ಗಿ ಐಎಎಸ್ ಕನಸಿನ ಮೂವರು ಮುಳುಗಿ ಸತ್ತರು. ಸಾಮಾನು ಇಡಲೆಂದು ಅನುಮತಿ ಪಡೆದ ಜಾಗದಲ್ಲಿ ಗ್ರಂಥಾಲಯ ನಡೆದಿತ್ತು. ನಮ್ಮ ಧಾರವಾಡವೂ ಕೋಚಿಂಗ್ ಊರೇ; ನಕ್ಷೆಯಲ್ಲಿ ಪಾರ್ಕಿಂಗ್ ಎಂದು ಬರೆದ ಜಾಗದಲ್ಲಿ ಅಂಗಡಿ, ಜಿಮ್ಮು, ರೀಡಿಂಗ್ ರೂಮು ನಡೆಸುವ ಕಲೆ ನಮಗೂ ಕರಗತ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಲೇಔಟಿನ ಕಡೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೀರು ಹೊರಹಾಕಲು ಪಂಪು ಹಚ್ಚಿದಾಗ ಕರೆಂಟು ಹೊಡೆದು ಒಬ್ಬ ಹಿರಿಯರು, ಒಬ್ಬ ಬಾಲಕ ತೀರಿಹೋದರು. ಹೀಗಿದ್ದೂ ನಮ್ಮ ಓಣಿಯ ಬೇಸ್‌ಮೆಂಟುಗಳಲ್ಲಿ ಮೀಟರ್ ಬೋರ್ಡು ಮೊಣಕಾಲ ಎತ್ತರಕ್ಕೆ ಇರುತ್ತದೆ, ತೇಪೆ ಹಾಕಿದ ವೈರಿನ ಬಾಡಿಗೆ ಪಂಪನ್ನು ನೀರಿನಲ್ಲಿ ನಿಂತೇ ಚಾಲೂ ಮಾಡುತ್ತಾರೆ. ಮೇನ್ ಸ್ವಿಚ್ ಮೇಲಿನ ಮಹಡಿಗೆ ಒಯ್ಯಲು ಎಷ್ಟು ಖರ್ಚು ಎಂದು ಕೇಳಿ ನೋಡಿ. ಆ ಗ್ರಾನೈಟ್ ಫಲಕಕ್ಕಿಂತ ಜಾಸ್ತಿ ಆಗಲಾರದು.

ಇಂಥ ಮನೆಗಳು ಮಾರಾಟವಾಗುವುದು ಹೇಗೆ ಎಂದು ನಿಮಗೆ ಅನುಮಾನ ಬರಬಹುದು. ಅಲ್ಲಿ ಪಂಚಾಂಗ ಕೈಹಿಡಿಯುತ್ತದೆ. ಗೋಡೆ ನಿಜ ನುಡಿಯುವ ತಿಂಗಳು ಆಷಾಢ. ಆಷಾಢದಲ್ಲಿ ಮನೆ ವ್ಯವಹಾರ ನಿಷಿದ್ಧ. ಅಂಥ ಹೊತ್ತಿನಲ್ಲಿ ಛತ್ರಿ ಹಿಡಿದು ಬಂದ ಗಿರಾಕಿಯೊಬ್ಬರನ್ನು ಗೋಪನಕೊಪ್ಪದ ಏಜೆಂಟನೊಬ್ಬ ಗೇಟಿನಲ್ಲೇ ನಿಲ್ಲಿಸಿ ಕೈಮುಗಿದ: "ಈಗ ನೋಡಬಾರದ್ರಿ ಸರ, ಒಳ್ಳೇದಲ್ಲ. ದೀಪಾವಳಿ ಮುಗಿಸ್ಕೊಂಡು ಬರ್ರಿ. ಅಷ್ಟೊತ್ತಿಗೆ ಪೇಂಟಿಂಗೂ ಮುಗದಿರ್ತದ."